ಎರಡು ಕಿಲೋ ಹೆಚ್ಚು ತೂಗಿದ ದೀಪ

ಹೊನ್ನಾಳಿಯ ದಾದಾಪೀರ್ ನನ್ನ ಹಿತ್ತಾಳೆ ಕದ್ದಿರಲಿಲ್ಲ. ಕದ್ದಿದ್ದಾರೆ ಎಂದು ನಾಲ್ಕು ಜನರ ಮುಂದೆ ಹೇಳಿದವನು ನಾನು. ಕದ್ದಿಲ್ಲ ಎಂದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ. ಮೊದಲನೆಯದನ್ನು ತಪ್ಪು ಎನ್ನಬಹುದೇನೋ. ಎರಡನೆಯದಕ್ಕೆ ಏನು ಹೆಸರಿಡಬೇಕೋ ಈ ನಾಲ್ಕು ವರ್ಷಗಳಲ್ಲಿ ಹೊಳೆದಿಲ್ಲ — ಸುಳ್ಳು, ಹೊಳೆದಿದೆ. ಬರೆಯಲು ಕೈ ಬರುತ್ತಿಲ್ಲ, ಅಷ್ಟೇ.

ನಾನು ಹಾಲೇಶಪ್ಪ. ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಮೂವತ್ತೊಂದು ವರ್ಷ ಮಾಲು ನೋಡುವ ಕೆಲಸ ಮಾಡಿದವನು. ಮಾಲು ನೋಡುವುದೆಂದರೆ ಸಂಶಯಪಡುವುದು. ಸಂಬಳ ಕೊಡುವುದೇ ಅದಕ್ಕೆ. ಚೀಲದ ಬಾಯಲ್ಲಿ ಕೆಂಪಗೆ ಹೊಳೆಯುವ ಅಡಿಕೆ ಕಂಡರೆ ಮೊಣಕೈವರೆಗೆ ಕೈ ಇಳಿಸಿ ತಳದಲ್ಲಿ ಏನಿದೆ ಎಂದು ನೋಡಬೇಕು. ಒಂದು ಹಿಡಿ ತೆಗೆದು, ಅಡಕತ್ತರಿಯಲ್ಲಿ ಒಂದೊಂದನ್ನೇ ಕತ್ತರಿಸಿ ಒಳಗು ನೋಡಬೇಕು. ತೂಕ ಕಡಿಮೆ ಬಂದರೆ ಒಣಗಿದೆ ಎಂದುಕೊಂಡು ಸುಮ್ಮನಾಗಬಹುದು. ಹೆಚ್ಚು ಬಂದರೆ ಮಾತ್ರ ಬಿಡಬಾರದು — ನೀರು ಕುಡಿಸಿದ್ದಾರೆ, ಇಲ್ಲವೇ ಬೇರೇನೋ ಬೆರೆಸಿದ್ದಾರೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ ಅದು. ನಿವೃತ್ತನಾದ ಮೇಲೂ ಮೈಯಿಂದ ಇಳಿಯಲಿಲ್ಲ.

ಹೆಂಡತಿ ಗಿರಿಜಾ ಇದನ್ನೇ ಹಿಡಿದು ಹಂಗಿಸುತ್ತಾಳೆ. "ಉಪ್ಪಿಟ್ಟು ಹಾಕಿ ಕೊಟ್ರೂ ಚಮಚ ಹಾಕಿ ತಳ ನೋಡ್ತೀರಲ್ರೀ, ನಾನೇನು ತಳದಾಗೆ ಕಲ್ಲು ಹಾಕಿ ತಂದಿರ್ತೀನಾ?" ಎನ್ನುತ್ತಾಳೆ. ಹಾಕಿರುವುದಿಲ್ಲ. ಆದರೂ ನೋಡುತ್ತೇನೆ.

ಮಂಡಿಯ ಇನ್ನೊಂದು ಪದ್ಧತಿಯನ್ನೂ ಈಗಲೇ ಹೇಳಿಬಿಡಬೇಕು. ಮಾಲು ನೋಡುವವನು ಯಾರ ಅಡಿಕೆಯನ್ನೂ ಕೆಟ್ಟದ್ದೆಂದು ಬಾಯಿಬಿಟ್ಟು ಹೇಳುವುದಿಲ್ಲ. ಬೆಳೆದವನು ಎದುರಿಗೇ ನಿಂತಿರುತ್ತಾನೆ, ಅವನಿಗೂ ಮರ್ಯಾದೆ ಇದೆ. ಮಾಲು ಚೆನ್ನಾಗಿದ್ದರೆ ಖರೀದಿ ಮಾಡುವವರಿಗೆ "ನಾ ನೋಡೀನಿ" ಎನ್ನುತ್ತೇವೆ. ಅಷ್ಟು ಸಾಕು, ಅವರು ಚೀಲ ಬಿಚ್ಚದೆಯೇ ಒಯ್ಯುತ್ತಾರೆ. ಚೆನ್ನಾಗಿಲ್ಲದಿದ್ದರೆ "ನೀವೇ ನೋಡ್ಕಳ್ರಿ" ಎನ್ನುತ್ತೇವೆ. ಆ ಮಾತು ಬಿದ್ದ ರಾಶಿಯ ಹತ್ತಿರ ಆ ದಿನ ಮತ್ತೆ ಯಾರೂ ಸುಳಿಯುವುದಿಲ್ಲ.

ಈಗ ದೀಪದ ವಿಷಯ. ನ್ಯಾಮತಿಗೆ ಕೊಟ್ಟಿರುವ ಮಗಳು ಶೋಭಾ ಒಂದು ದಿನ ಫೋನಿಗೆ ಒಂದು ಚಿತ್ರ ಕಳಿಸಿದಳು. ಹಳೆಯ ಕಾಲದ ಉಗಿ ಇಂಜಿನ್ನಿನಿಂದ ಒಂದು ತುಂಡು ಕಿತ್ತು ತಂದಂತೆ — ಹಿತ್ತಾಳೆ ತೊಟ್ಟಿ, ಬಾಗಿದ ಪೈಪು, ಒತ್ತಡ ತೋರಿಸುವ ಮೀಟರು, ನಲ್ಲಿಯ ಚಕ್ರ, ತುದಿಯಲ್ಲಿ ಒಳಗಿನ ತಂತಿ ಕೆಂಪಗೆ ಕಾಣುವ ಬಲ್ಬು. ಇಂಥವಕ್ಕೆ ಸ್ಟೀಮ್‌ಪಂಕ್ ದೀಪ ಎನ್ನುತ್ತಾರಂತೆ. "ಅಪ್ಪಾ, ಎಲ್ಲಾ ಹಳೇ ಸಾಮಾನಿನಾಗೆ ಮಾಡಿದ್ದಂತೆ. ನಿಮಗೆ ಮಾಡಾಕೆ ಬರ್ತೈತಾ?" ಎಂದು ಕೇಳಿದಳು. ಬರ್ತೈತೆ ಎಂದೆ. ಬರುತ್ತಿರಲಿಲ್ಲ, ಕಲಿತೆ.

ಅಟ್ಟದ ಮೇಲೆ ಅಪ್ಪನ ಪಂಪು ಇತ್ತು. ಸವಳಂಗದಲ್ಲಿ ನಮ್ಮ ಗದ್ದೆ ಇದ್ದ ಕಾಲದಲ್ಲಿ ಅಪ್ಪ ಬೆನ್ನಿಗೆ ಕಟ್ಟಿಕೊಂಡು ಭತ್ತಕ್ಕೆ ಔಷಧಿ ಹೊಡೆಯುತ್ತಿದ್ದ ಹಿತ್ತಾಳೆ ಪಂಪು. ಪಟ್ಟಿಗಳು ಕೊಳೆತುಹೋಗಿದ್ದವು, ತೊಟ್ಟಿ ಮಾತ್ರ ಗಟ್ಟಿಯಾಗಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ಮೂರು ದಿನ ತಿಕ್ಕಿದೆ. ಬಣ್ಣ ಬಂತು, ಔಷಧಿಯ ವಾಸನೆ ಹೋಗಲಿಲ್ಲ. ಗಿರಿಜಾ ಅದನ್ನು ಅಡುಗೆಮನೆಯ ಹೊಸಿಲು ದಾಟಿಸಲು ಬಿಡಲಿಲ್ಲ. ಗುಜರಿಯಲ್ಲಿ ಮುಳ್ಳು ಸೊನ್ನೆಗೆ ಅಂಟಿಕೊಂಡ ಒಂದು ಮೀಟರು ಸಿಕ್ಕಿತು. ಹಳೆಯ ಹಿತ್ತಾಳೆ ನಲ್ಲಿಯ ಹಿಂದೆ ಫ್ಯಾನಿನ ರೆಗ್ಯುಲೇಟರ್ ಕೂರಿಸುವ ಉಪಾಯ ಮಾಡಿದೆ — ನಲ್ಲಿ ತಿರುಗಿಸಿದಷ್ಟೂ ಬೆಳಕು ಏರಬೇಕು. ಮೂವತ್ತೊಂದು ವರ್ಷ ಬರೀ ಕತ್ತರಿಸಿ ನೋಡಿದ ಕೈ ಮೊದಲ ಸಲ ಏನನ್ನೋ ಜೋಡಿಸುತ್ತಿತ್ತು. ಆಗ ನನಗೆ ಎಷ್ಟು ಖುಷಿಯಾಗಿತ್ತೆಂದು ಹೇಳಿದರೆ ನೀವು ನಗಬಹುದು.

ತೊಟ್ಟಿಯನ್ನು ಗಿಡ್ಡ ಮಾಡಿ, ಪೈಪು ಸೇರಿಸಿ, ಬುಡ ಮುಚ್ಚಿ ಬೆಸುಗೆ ಹಾಕುವುದು ಮಾತ್ರ ನನ್ನಿಂದ ಆಗದ ಕೆಲಸ. ಹಿತ್ತಾಳೆ ಬೆಸುಗೆಗೆ ಹೊನ್ನಾಳಿಯ ದಾದಾಪೀರ್ ಎಂದು ಸುತ್ತಲಿನವರೆಲ್ಲ ಹೇಳುತ್ತಿದ್ದರು. ಅವರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಕಲಾಯಿ ಹಾಕಿಸುವ ಮನೆಗಳು ಕಡಿಮೆಯಾದ ಮೇಲೆ ಮಗ ಬೆಸುಗೆ ಹಿಡಿದರು. ನನಗಿಂತ ಐದಾರು ವರ್ಷ ಚಿಕ್ಕವರು, ಮಾತು ಕಡಿಮೆ.

ನಮ್ಮ ಕಡೆ ಬಂಗಾರವೋ ಹಿತ್ತಾಳೆಯೋ ಕೆಲಸಕ್ಕೆ ಕೊಟ್ಟರೆ ಎದುರಿಗೇ ಕೂತು ಮಾಡಿಸುವುದು ರೂಢಿ. ನಮ್ಮಮ್ಮ ಬುತ್ತಿ ಕಟ್ಟಿಕೊಂಡು ಹೋಗಿ ಅಕ್ಕಸಾಲಿಗರ ಮುಂದೆ ಸಂಜೆಯವರೆಗೆ ಕೂರುತ್ತಿದ್ದಳು. "ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡಲ್ಲ" ಎನ್ನುವುದು ಅವಳ ಮಂತ್ರ. ಒಂದು ಗುಂಜಿಯೂ ಯಾವತ್ತೂ ಕಡಿಮೆ ಬಂದದ್ದಿಲ್ಲ. ನಾನೂ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಇದು ಅಪ್ಪನ ಪಂಪು ಎಂದೆ. ದೀಪ ಮಗಳ ಮನೆಗೆ, ಅಲ್ಲಿ ಮೊಮ್ಮಗಳು ಈಗಷ್ಟೇ ಹಿಡಿದುಕೊಂಡು ಏಳುತ್ತಿದ್ದಾಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತಾಳೆ ಎಂದೂ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ ಅಂದರು:

"ಎದ್ದೋಗ್ರಿ ಹಾಲೇಶಪ್ಪಾರೆ, ನಾಳೆ ಬರ್ರಿ. ಗಿರಾಕಿ ಎದುರಿಗೆ ಕೂತ್ರೆ ನನ್ನ ಕೈ ಓಡಲ್ಲ."

ಯಾಕೆ ಓಡುವುದಿಲ್ಲ? ನಾನು ಇಲ್ಲದಾಗ ಓಡುವ ಕೈ ಎಂಥದ್ದು? — ಆ ಕ್ಷಣಕ್ಕೇ ನನ್ನೊಳಗೆ ಹುಳ ಬಿತ್ತು. ಎದ್ದು ಹೋಗುವ ಮುಂಚೆ ಪಕ್ಕದ ಕಿರಾಣಿ ಅಂಗಡಿಯಲ್ಲಿ ಎಲ್ಲ ಸಾಮಾನನ್ನೂ ತೂಗಿಸಿದೆ. ಐದು ಕಿಲೋ ಇನ್ನೂರು ಗ್ರಾಂ. ಅವರು ನೋಡುತ್ತಲೇ ಇದ್ದರು.

ಮರುದಿನ ಹೋದರೆ ದೀಪ ತಯಾರಾಗಿತ್ತು. ಬೆಸುಗೆಯ ಗೆರೆ ಎಲ್ಲಿದೆ ಎಂದು ಉಗುರು ಹಾಕಿ ಹುಡುಕಬೇಕಿತ್ತು, ಅಂಥ ಕೆಲಸ. ಚನ್ನಗಿರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಪಕ್ಕದವರೊಬ್ಬರು "ಏನ್ರೀ ಅದು, ಕಾಫಿ ಮಾಡೋ ಮಿಷನ್ನಾ?" ಎಂದರು. "ಇಂಜಿನ್ ದೀಪ, ನಾನೇ ಮಾಡಿದ್ದು" ಎಂದೆ. ಆದರೆ ತೊಡೆ ಜೋಮು ಹಿಡಿಯುತ್ತಿತ್ತು. ಇಷ್ಟು ಭಾರ ಇರಬಾರದಲ್ಲ — ತೊಟ್ಟಿಯಿಂದ ಮೂರು ಬೆರಳಗಲದ ಬಳೆ ಕತ್ತರಿಸಿ ತೆಗೆದಿದ್ದಾರೆ, ಅದನ್ನು ಕೈಗೆ ಕೊಟ್ಟೂ ಇಲ್ಲ. ತೂಕ ಇಳಿಯಬೇಕಿತ್ತು.

ಮನೆಗೆ ಹೋಗುವ ಮುಂಚೆಯೇ ತೂಗಿಸಿದೆ. ಏಳು ಕಿಲೋ ಇನ್ನೂರು ಗ್ರಾಂ. ಕೊಟ್ಟದ್ದಕ್ಕಿಂತ ಸರಿಯಾಗಿ ಎರಡು ಕಿಲೋ ಹೆಚ್ಚು.

ಹೆಚ್ಚು ಬಂದರೆ ಬಿಡಬಾರದು. ಹಳೆಯ ಸ್ಪೀಕರಿನಿಂದ ತೆಗೆದಿಟ್ಟಿದ್ದ ಅಯಸ್ಕಾಂತವನ್ನು ಬುಡದ ತಗಡಿಗೆ ಹಿಡಿದೆ. ಹಿತ್ತಾಳೆಗೆ ಅಂಟಬಾರದ್ದು ಟಪ್ಪೆಂದು ಅಂಟಿತು. ಮುಗಿಯಿತು — ಒಳಗಿನ ಒಳ್ಳೆಯ ಹಿತ್ತಾಳೆ ತೆಗೆದುಕೊಂಡು ಕಬ್ಬಿಣ ತುಂಬಿ, ಮೇಲೆ ತಗಡು ಬೆಸೆದಿದ್ದಾನೆ. ಅದುವರೆಗೆ ಮನಸ್ಸಿನಲ್ಲೂ ಬಹುವಚನದಲ್ಲಿದ್ದ ಮನುಷ್ಯ ಆ ಕ್ಷಣಕ್ಕೆ ಏಕವಚನಕ್ಕೆ ಇಳಿದಿದ್ದ. ಗಿರಿಜಾ ಮಾತ್ರ "ಕದಿಯೋರು ತೂಕ ಜಾಸ್ತಿ ಮಾಡಿ ಕೊಡ್ತಾರೇನ್ರೀ?" ಎಂದಳು. ನಿನಗೆ ಅಡಿಕೆ ವ್ಯಾಪಾರ ಗೊತ್ತಿಲ್ಲ, ಸುಮ್ಮನಿರು ಎಂದೆ.

ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೊನ್ನಾಳಿಗೆ ಹೋದೆ. ದಾದಾಪೀರ್ ಅಂಗಡಿಯ ಎದುರಿಗೆ ಒಂದು ಚಹಾದ ಅಂಗಡಿ ಇದೆ. ನಾಲ್ಕೈದು ಜನ ನಿಂತಿದ್ದರು. ಅವರಿಗೆ ಕೇಳಿಸಬೇಕೆಂದೇ ದನಿ ಎತ್ತಿದೆ.

"ಹಿತ್ತಾಳೆ ನುಂಗಿ ಕಬ್ಬಿಣ ತುಂಬಿ ಕೊಟ್ಟೀರಲ್ರೀ ದಾದಾಪೀರ್!"

ಅವರು ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನಾನು ಹೇಳಿದ್ದು ಅವರಿಗೆ ಪೂರಾ ಅರ್ಥವಾಗಿರಲಿಲ್ಲ ಎಂದು ಕಾಣುತ್ತದೆ. ಸಮಾಧಾನವಾಗಿಯೇ ಹೇಳಿದರು: "ಬುಡಕ್ಕೆ ಕಬ್ಬಿಣ ಇಟ್ಟೀನ್ರಿ, ಹೌದು. ಮಗು ಎಳೆದ್ರೆ ಮೈಮೇಲೆ ಬೀಳಬಾರ್ದು ನೋಡ್ರಿ. ಕತ್ತರಿಸಿ ಉಳಿದ ನಿಮ್ಮ ಹಿತ್ತಾಳೆ ಚೂರೆಲ್ಲ ಅದ್ರೊಳಗೇ ಐತೆ. ಅಪ್ಪಾರ ಪಂಪು ಅಂದಿದ್ರಿ, ಒಂದು ಚೂರೂ ಹೊರಗೆ ಬೀಳೋದು ಬ್ಯಾಡ ಅಂತ. ನಿನ್ನೆ ಹೇಳಾಕೆ ಮರೆತೆ."

ನಾನು ಚಹಾದ ಅಂಗಡಿಯ ಕಡೆ ತಿರುಗಿದೆ. "ಕೇಳಿದ್ರೇನ್ರಪ್ಪಾ? ಕಬ್ಬಿಣ ಹಾಕಿದ್ದು ಅವರೇ ಒಪ್ಕಂಡ್ರು."

ಆಗ ಅವರಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು. "ಒಡೆದು ನೋಡ್ರಿ" ಎಂದರು. "ಇಲ್ಲೇ, ಇವರೆಲ್ಲರ ಮುಂದೆ ಒಡೀತೀನಿ, ಕೊಡ್ರಿ ಇಲ್ಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೋಸದ ಮಾಲು ತಂದವರು ಅಡಕತ್ತರಿ ಕಂಡ ಕೂಡಲೇ ಹೇಗೆ ಕಣ್ಣು ತಪ್ಪಿಸುತ್ತಾರೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿಲ್ಲ. ದಾದಾಪೀರ್ ಕಣ್ಣು ತಪ್ಪಿಸಲಿಲ್ಲ, ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಎರಡೂ ಕೈ ಚಾಚಿ ದೀಪ ಕೇಳುತ್ತಾ ನಿಂತಿದ್ದರು. ನಾನು ಅದನ್ನು ಕಂಡೆ. ಕಂಡು — ಇದನ್ನೇ ಯಾರಿಗೂ ಹೇಳಿರಲಿಲ್ಲ — ನಾನು ತಪ್ಪಿದ್ದೇನೆ ಎಂದು ಅಲ್ಲೇ, ಆ ಬೀದಿಯಲ್ಲೇ ನನಗೆ ಅನ್ನಿಸಿತು. ಲೆಕ್ಕವಿಲ್ಲದಷ್ಟು ಅಡಿಕೆ ಕತ್ತರಿಸಿ ನೋಡಿದವನು ಆ ಒಂದನ್ನು ಮಾತ್ರ ಕತ್ತರಿಸಲು ಹೆದರಿದೆ. ಒಳಗೆ ಮೋಸ ಇರಬಹುದೆಂದಲ್ಲ, ಇಲ್ಲದಿದ್ದರೆ ಏನು ಗತಿ ಎಂದು.

ದೀಪವನ್ನು ಕಂಕುಳಿಗೆ ಒತ್ತಿಕೊಂಡೆ. "ಬ್ಯಾಡ. ನಿಮ್ಮ ಕೈಗೆ ಇನ್ನೊಂದು ಸಲ ಕೊಟ್ಟು ಇನ್ನೇನು ಕಳ್ಕಬೇಕು ನಾನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸು ಹತ್ತಿ ಬಂದೆ.

ದೀಪ ಗೋಣಿಚೀಲದಲ್ಲಿ ಮಂಚದ ಕೆಳಗೆ ಸೇರಿತು. ಮಗಳಿಗೆ ಇನ್ನೂ ಮುಗಿದಿಲ್ಲ ಎಂದೆ. ಮಂಡಿಯ ಹಳೆಯ ಗೆಳೆಯರು ಸಿಕ್ಕಾಗ ಕಥೆ ಹೇಳಿದೆ. ಹೇಳಿದಷ್ಟೂ ಸಲ ಅಯಸ್ಕಾಂತ ಇನ್ನಷ್ಟು ಗಟ್ಟಿಯಾಗಿ ಅಂಟುತ್ತಿತ್ತು. ಅವರು ತಮ್ಮ ಊರುಗಳಲ್ಲಿ ಹೇಳಿದರು. ನನ್ನ ಮಾತೆಂದರೆ ಜನ ನಂಬುತ್ತಿದ್ದರು. ಯಾರಿಗೂ ಸುಲಭಕ್ಕೆ ಮೋಸಹೋಗದವನು ಎಂಬ ಹೆಸರು ಇತ್ತಲ್ಲ.

ಎಂಟು ತಿಂಗಳ ನಂತರ, ಗಿರಿಜಾ ನ್ಯಾಮತಿಗೆ ಹೋಗಿದ್ದ ಒಂದು ಮಧ್ಯಾಹ್ನ, ಕಬ್ಬಿಣ ಕೊಯ್ಯುವ ಗರಗಸ ತೆಗೆದುಕೊಂಡು ಕೂತೆ. ಯಾಕೆ ಅಂದೇ? ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ, ಅದೇ ಉತ್ತರ ಇರಬೇಕು. ಬುಡದ ತಗಡು ಬಿಚ್ಚಿತು. ಒಳಗೆ ಬಟ್ಟೆಯ ಒಂದು ಗಂಟು, ಅಲುಗಾಡದಂತೆ ಬಿಗಿಯಾಗಿ ತುರುಕಿದ್ದು. ಬಿಚ್ಚಿದೆ. ತೊಟ್ಟಿಯಿಂದ ಕತ್ತರಿಸಿದ ಮೂರು ಬೆರಳಗಲದ ಬಳೆ, ನೀಟಾಗಿ ಮಡಚಿದ್ದು. ಪೈಪಿನ ತುದಿಗಳು. ಕಾಗದದ ಪೊಟ್ಟಣವೊಂದರಲ್ಲಿ ಅರ ಹಾಕಿದಾಗ ಉದುರಿದ ಪುಡಿ — ಪುಡಿಯನ್ನೂ ಬಳಿದು ಕಟ್ಟಿದ್ದರು. ಗಂಟಿನ ಕೆಳಗೆ ತಕ್ಕಡಿಯ ಒಂದು ತೂಕದ ಕಲ್ಲು. ಕಬ್ಬಿಣದ್ದು, ಎರಡು ಕಿಲೋದ್ದು. ಎಲ್ಲ ಅಂಗಡಿಗಳಿಗೂ ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಮೂಲೆ ಸೇರಿದ ಅಂಥ ಕಲ್ಲು.

ಸರಿಯಾಗಿ ಎರಡು ಕಿಲೋ. ಕದಿಯುವವನ ಲೆಕ್ಕ ಅಷ್ಟು ಸರಿಯಾಗಿ ಬರುತ್ತದೆಯೇ? ಜೀವಮಾನವಿಡೀ ತಕ್ಕಡಿಯ ಪಕ್ಕದಲ್ಲೇ ನಿಂತವನಿಗೆ ಆ ಸಂಶಯವೊಂದು ಬರಲಿಲ್ಲ ನೋಡಿ. ಬೇರೆ ಎಲ್ಲ ಸಂಶಯ ಬಂತು.

ಆ ದಿನವೇ ಹೊನ್ನಾಳಿಯ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಎಲ್ಲವನ್ನೂ ಗಂಟು ಕಟ್ಟಿ, ಒಳಗಿಟ್ಟು, ತಗಡಿಗೆ ಅಂಟು ಹಾಕಿ ಮತ್ತೆ ಚೀಲಕ್ಕೆ ಸೇರಿಸಿದೆ. ಜನ ಮರೆಯುತ್ತಾರೆ, ನಾನೇ ಯಾಕೆ ಕೆದಕಬೇಕು ಎಂದುಕೊಂಡೆ.

ಆ ತಿಂಗಳು ಮುಗಿಯುವ ಮುಂಚೆ ಸಾಸ್ವೆಹಳ್ಳಿಯಿಂದ ಇಬ್ಬರು ಹಿರಿಯರು ಮನೆಗೆ ಬಂದರು. ಊರಿನ ಗುಡಿಯ ಬಾಗಿಲಿಗೆ ಹಿತ್ತಾಳೆಯ ಕವಚ ಹೊದಿಸಬೇಕಿತ್ತು. ಭಕ್ತರು ಮನೆಮನೆಯಿಂದ ಕೊಟ್ಟ ಹಳೆಯ ತಂಬಿಗೆ, ಪರಾತ, ದೀಪದ ಕಂಬ, ಎಲ್ಲ ಸೇರಿಸಿ ಇಟ್ಟಿದ್ದರು. ದಾದಾಪೀರ್ ಜೊತೆ ಮಾತಾಗಿತ್ತು. ಆದರೆ ಊರಿನಲ್ಲಿ ಯಾರೋ ನನ್ನ ಕಥೆ ಎತ್ತಿದ್ದರು. ಇಬ್ಬರಲ್ಲಿ ದೊಡ್ಡವರು ನೇರವಾಗಿಯೇ ಕೇಳಿದರು:

"ಊರ ಹಿತ್ತಾಳೆ ಹಾಲೇಶಪ್ಪಾರೆ, ದೇವರಿಂದು. ಆ ದಾದಾಪೀರನ ಕೈಗೆ ಕೊಡಬೌದೇನ್ರಿ? ನೀವು ಹೇಳಿದಂಗೆ."

ನಾನು ಕೂತಿದ್ದ ಮಂಚದ ಕೆಳಗೇ ಆ ಗೋಣಿಚೀಲ ಇತ್ತು. ಕಾಲು ಹಿಂದೆ ಸರಿಸಿದರೆ ಹಿಮ್ಮಡಿಗೆ ತಾಗುತ್ತಿತ್ತು. ಎಳೆದು ಬಿಚ್ಚಿ ತೋರಿಸಿದರೆ ಮುಗಿಯುತ್ತಿತ್ತು — ನನ್ನ ಹೆಸರು ಹೋಗುತ್ತಿತ್ತು, ಅವರದು ಉಳಿಯುತ್ತಿತ್ತು. ಗಿರಿಜಾ ತಂದಿಟ್ಟ ಚಹಾ ಆರುತ್ತಿತ್ತು. ನಾನು ಎರಡು ಮಾತು ಆಡಿದೆ.

"ನೀವೇ ನೋಡ್ಕಳ್ರಿ."

ಅವರೂ ಮಂಡಿಗೆ ಅಡಿಕೆ ಹಾಕುವವರೇ. ಅರ್ಥವಾಯಿತು. ಚಹಾ ಪೂರ್ತಿ ಕುಡಿಯದೆ ಎದ್ದರು.

ಆ ಕೆಲಸ ಬೇರೆ ಊರಿನವರಿಗೆ ಹೋಯಿತು. ದೇವರ ಹಿತ್ತಾಳೆಗೇ ನಂಬದ ಕೈಗೆ ಮನೆಯ ಕೊಡ ಯಾರು ಕೊಡುತ್ತಾರೆ? ಮುಂದಿನ ಬೇಸಿಗೆಯ ಹೊತ್ತಿಗೆ ಹೊನ್ನಾಳಿಯ ಆ ಅಂಗಡಿಯ ಬಾಗಿಲು ಮುಚ್ಚಿತ್ತು. ಹೆಂಡತಿಯ ತವರು ಜಗಳೂರಿಗೆ ಹೋದರಂತೆ ಎಂದು ಯಾರೋ ಹೇಳಿದರು. ನಾನು "ಹೌದಾ" ಎಂದೆ, ಏನೂ ತಿಳಿಯದವನ ಹಾಗೆ.

ಹೋದ ತಿಂಗಳು ಜಗಳೂರಿಗೆ ಹೋಗಿದ್ದೆ. ಎಲ್ಲ ಹೇಳಿಬಿಡಬೇಕೆಂದೇ ಹೋದದ್ದು. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲದೆ ಪಕ್ಕದ ಮನೆಯವರು ಔಷಧಿ ಹೊಡೆಯುವ ಕೆಟ್ಟುಹೋದ ಬ್ಯಾಟರಿ ಪಂಪನ್ನು ರಿಪೇರಿಯ ನೆಪಕ್ಕೆ ಹಿಡಿದುಕೊಂಡಿದ್ದೆ. ತಗಡಿನ ಒಂದು ಶೆಡ್ಡು. ಒಳಗೆ ನೀಲಿ, ಹಸಿರು ಪ್ಲಾಸ್ಟಿಕ್ ಪಂಪುಗಳ ಸಾಲು. ದಾದಾಪೀರ್ ತಲೆ ಎತ್ತಿ ನೋಡಿದರು, ಗುರುತಿಸಿದರು. ಬೈಯಲಿಲ್ಲ. ಎದುರಿಗಿದ್ದ ಸ್ಟೂಲು ತೋರಿಸಿದರು.

"ಕೂತ್ಕಳ್ರಿ. ಎದುರಿಗೇ ಕೂತ್ಕಳ್ರಿ. ಈಗ ಯಾರನ್ನೂ ಎದ್ದೋಗಾಕೆ ಬಿಡಲ್ಲ ನಾನು."

ಕೂತೆ. ಅವರು ಪಂಪು ಬಿಚ್ಚಿದರು. ತೆಗೆದ ಒಂದೊಂದು ಸ್ಕ್ರೂವನ್ನೂ ನನ್ನ ಮುಂದೆ ಕಾಗದದ ಮೇಲೆ ಇಡುತ್ತಾ ಹೋದರು, ನಾನು ಎಣಿಸಿಕೊಳ್ಳಲಿ ಎಂಬಂತೆ. ಹಿತ್ತಾಳೆ ಕೆಲಸ ಇಲ್ಲಿ ಬರುವುದಿಲ್ಲವೇ ಎಂದು ಕೇಳಿದೆ — ಎಂಥ ಪ್ರಶ್ನೆ, ಕೇಳುವವನು ಯಾರು!

"ಪ್ಲಾಸ್ಟಿಕ್ಕೇ ಆರಾಮ್ರಿ" ಎಂದರು. "ಯಾರೂ ತೂಗಾಕೆ ಹೋಗಲ್ಲ."

ಕೆಲಸ ಮುಗಿಯಿತು. ಹೊರಡುವಾಗ ಅವರೇ ಕೇಳಿದರು: "ದೀಪ ಉರೀತೈತೇನ್ರಿ? ಮಗು ದೊಡ್ಡದಾಗಿರಬೇಕು ಈಗ."

"ಉರೀತೈತ್ರಿ" ಎಂದೆ.

"ಹಂಗಾದ್ರೆ ಆತು ಬಿಡ್ರಿ" ಎಂದರು. ನಿಜವಾಗಿಯೂ ಸಮಾಧಾನಪಟ್ಟರು. ಆ ಸಮಾಧಾನವನ್ನು ನೋಡಲಾಗದೆ ಹೊರಗೆ ಬಂದೆ, ಪಂಪನ್ನು ಅಲ್ಲೇ ಮರೆತು, ಮತ್ತೆ ಹೋಗಿ ತಂದೆ.

ಇದನ್ನು ಓದುವವರಿಗೆ ಒಂದು ಮಾತು. ನನ್ನ ಪಶ್ಚಾತ್ತಾಪವನ್ನೂ ಸುಮ್ಮನೆ ನಂಬಬೇಡಿ. ನಾನೇ ನಂಬಿಲ್ಲ. ಬರೆದು ಒಳ್ಳೆಯವನಾಗುವ ಆಸೆ ಇದರ ತಳದಲ್ಲಿ ಎಷ್ಟಿದೆ ಎಂದು ಕೈ ಇಳಿಸಿ ನೋಡಿದ್ದೇನೆ, ಇದೆ, ಸಾಕಷ್ಟಿದೆ. ಬರೀ ಬರೆದರೆ ಅದಷ್ಟೇ ಉಳಿಯುತ್ತದೆ. ಅದಕ್ಕೇ ಗೋಣಿಚೀಲವನ್ನು ಮಂಚದ ಕೆಳಗಿನಿಂದ ತೆಗೆದಿದ್ದೇನೆ. ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಗಂಟು ಬಿಚ್ಚಿ, ಪೊಟ್ಟಣದ ಪುಡಿಯನ್ನು ಅಂಗೈಗೆ ಸುರಿದುಕೊಂಡು ನೋಡಿದಳು. "ಇಷ್ಟು ದಿನ ಇದರ ಮೇಲೇ ಮಲಗಿದ್ರಾ?" ಎಂದಳು.

ನಾಳೆ ಮೊದಲು ಹೊನ್ನಾಳಿಯ ಚಹಾದ ಅಂಗಡಿ, ಅದೇ ಹೊತ್ತಿಗೆ, ಜನ ಇರುವಾಗ. ಅಲ್ಲಿಂದ ಸಾಸ್ವೆಹಳ್ಳಿ. ಎರಡೂ ಕಡೆ ದೀಪದ ಬುಡ ಬಿಚ್ಚಿಟ್ಟು, ತಕ್ಕಡಿ ತರಿಸಿ, ಒಂದೊಂದನ್ನೇ ತೂಗಿ ತೋರಿಸುತ್ತೇನೆ. ಕಡೆಗೆ ಜಗಳೂರು; ಆ ಎರಡು ಕಿಲೋದ ಕಲ್ಲು ಅವರದು, ಅವರ ಕೈಗೇ ಕೊಡಬೇಕು. ದೀಪ ಒಂದು ದಿನವೂ ಉರಿದಿಲ್ಲ ಎಂದೂ ಹೇಳಬೇಕು. ಅವರು ಹೊನ್ನಾಳಿಗೆ ಹಿಂದಿರುಗುತ್ತಾರೆ ಎಂದಾಗಲೀ, ನನ್ನನ್ನು ಮತ್ತೆ ಆ ಸ್ಟೂಲಿನ ಮೇಲೆ ಕೂರಿಸುತ್ತಾರೆ ಎಂದಾಗಲೀ ನಾನು ಹೋಗುತ್ತಿಲ್ಲ.

ಸಾಸ್ವೆಹಳ್ಳಿಯ ಆ ಹಿರಿಯರು ನಾಲ್ಕು ವರ್ಷದ ಹಿಂದೆ ಕೇಳಿದ ಪ್ರಶ್ನೆಗೆ ಹೇಳಬೇಕಾದ ಮಾತನ್ನು ಈಗ ಒಬ್ಬನೇ ಕೂತು ಬಾಯಲ್ಲಿ ಹೇಳಿ ನೋಡುತ್ತಿದ್ದೇನೆ. ಮೂವತ್ತೊಂದು ವರ್ಷ ಯಾರ್ಯಾರದೋ ಅಡಿಕೆಗೆ ದಿನಕ್ಕೆ ಹತ್ತು ಸಲ ಹೇಳಿದ ಮಾತು, ಒಬ್ಬ ಮನುಷ್ಯನಿಗೆ ಹೇಳಲಾಗದೆ ಹೋದದ್ದು.

ನಾ ನೋಡೀನಿ. ಒಡೆದು ನೋಡೀನಿ.